ಕೌದಿಗೆ ಬಾರದ ಬಟ್ಟೆ

ಕಳೆದ ದೀಪಾವಳಿಗೆ ಮೊದಲು ಶಿರಸಿಯ ನಮ್ಮ ಮನೆಯಲ್ಲಿ, ಮಳೆಗಾಲವಿಡೀ ಮುಚ್ಚಿಟ್ಟು ಬೂಸಲು ಹಿಡಿದಿದ್ದ ಕಪಾಟನ್ನು ಖಾಲಿ ಮಾಡಿ, ಎರಡು ಗೋಣಿಚೀಲ ಹಳೆಯ ಬಟ್ಟೆಯನ್ನು ಒಗೆದು ಒಣಗಿಸಿ, ಯಲ್ಲಾಪುರದ ಕಡೆ ಕೌದಿ (ಹಳೆಯ ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊಲಿದ ಹೊದಿಕೆ) ಹೊಲಿಯುವ ಸಿದ್ದಿ ಸಮುದಾಯದ ಹೆಂಗಸೊಬ್ಬರಿಗೆ ಒಯ್ದು ಕೊಟ್ಟೆ. ಅವರು ಜಗಲಿಯ ಮೇಲೆ ಚೀಲ ಸುರಿದು, ಒಂದೊಂದು ಬಟ್ಟೆಯನ್ನೂ ಎರಡು ಕೈಯಲ್ಲಿ ಹಿಡಿದು ಎಳೆದು, ಬೆರಳ ನಡುವೆ ತಿಕ್ಕಿ ನೋಡುತ್ತ ಎರಡು ರಾಶಿ ಮಾಡಿದರು. ಅಮ್ಮನ ನೂಲಿನ ಸೀರೆಗಳು, ಅಪ್ಪನ ಪಂಚೆ, ಹಾಸಿಗೆಯ ಹೊದಿಕೆ ಒಂದು ಕಡೆ. ಮಗಳ ಲೆಗ್ಗಿಂಗ್ಸ್, ಟೀ ಶರ್ಟು, ಥಳಥಳಿಸುವ ಚೂಡಿದಾರಗಳು ಇನ್ನೊಂದು ಕಡೆ. ಎರಡನೆಯ ರಾಶಿಯೇ ದೊಡ್ಡದಾಗಿತ್ತು. "ಅಕ್ಕಾ, ಇದು ಎಳೆದ ಹಾಗೆ ಹಿಗ್ತದೆ, ಹೊಲಿಗೆ ಕೂರುದಿಲ್ಲ. ವಾಪಸ್ ತಗೊಂಡು ಹೋಗಿ" ಎಂದರು.

ಅಂಚಿನಿಂದ ಹೊಲಿಯತೊಡಗಿ ಸುತ್ತು ಸುತ್ತಾಗಿ ನಡುವಿಗೆ ಬಂದು, ಕೊನೆಗೆ ನಾಲ್ಕು ಮೂಲೆಗೂ ಬಟ್ಟೆ ಮಡಚಿದ ಹೂವು ಕೂರಿಸುವ ಅವರ ಕೌದಿಯ ಬಗ್ಗೆ ನಾವೆಲ್ಲ ಹೆಮ್ಮೆಯಿಂದ ಮಾತಾಡುತ್ತೇವೆ, ಹಳೆಯ ಬಟ್ಟೆಯನ್ನು ಮರಳಿ ಬಳಸುವ ಬುದ್ಧಿ ನಮ್ಮವರಿಗೆ ಮೊದಲೇ ಇತ್ತು ಎನ್ನುತ್ತೇವೆ. ಅದು ನಿಜ. ಆದರೆ ಆ ಬುದ್ಧಿ ಇಂದಿಗೂ ಹಾಗೆಯೇ ಇದೆ. ಬದಲಾಗಿರುವುದು ಬಟ್ಟೆ ಎಂಬುದು ಆ ಜಗಲಿಯ ಮೇಲೆ ನನಗೆ ಅರ್ಥವಾಯಿತು.

ಮನೆಗೆ ಬಂದು ಆ ರಾಶಿಯ ಒಂದೊಂದು ಬಟ್ಟೆಯ ಒಳಹೊಲಿಗೆಯಿಂದ ಎಳೆ ಬಿಡಿಸಿ, ಇಕ್ಕಳದಲ್ಲಿ ಹಿಡಿದು ದೀಪಕ್ಕೆ ಒಡ್ಡಿದೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು, ಮುಟ್ಟಿದರೆ ಉದುರುವ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಆದರೆ ಮುದುಡಿ ಕರಗಿ, ತಣಿದ ಮೇಲೆ ಕಪ್ಪು ಮಣಿಯಂತೆ ಗಟ್ಟಿಯಾಗುತ್ತದೆ. ನನ್ನ ರಾಶಿಯಲ್ಲಿ ಹೆಚ್ಚಿನವು ಎರಡೂ ಆಗಿದ್ದವು: ಬೂದಿಯೂ ಇತ್ತು, ಅದರೊಳಗೆ ಗಟ್ಟಿ ಹರಳೂ ಇತ್ತು.

ಬಟ್ಟೆಯ ಮರುಬಳಕೆ ಸಿಕ್ಕಿಕೊಂಡಿರುವುದು ಈ ಮಿಶ್ರಣದಲ್ಲಿಯೇ. ಒಂದೇ ನಾರಿನ ಬಟ್ಟೆಗಾದರೆ ದಾರಿಯಿದೆ. ಹರಿಯಾಣದ ಪಾಣಿಪತ್‌ನಲ್ಲಿ ಹಳೆಯ ಉಣ್ಣೆಯ ಬಟ್ಟೆಯನ್ನು ಬಣ್ಣಬಣ್ಣವಾಗಿ ವಿಂಗಡಿಸಿ, ಗುಂಡಿ ಜಿಪ್ಪುಗಳನ್ನು ಕಿತ್ತು, ಯಂತ್ರದಲ್ಲಿ ಹಿಂಜಿ ಮತ್ತೆ ನೂಲು ತೆಗೆದು ಕಂಬಳಿ ಮಾಡುತ್ತಾರೆ. ಬಣ್ಣ ಮೊದಲೇ ಬೇರ್ಪಟ್ಟಿರುವುದರಿಂದ ಹೊಸದಾಗಿ ಬಣ್ಣ ಹಾಕುವ ಕೆಲಸ ತಪ್ಪುತ್ತದೆ. ತಿರುಪ್ಪೂರಿನ ಗಾರ್ಮೆಂಟ್‌ಗಳ ಕತ್ತರಿಕೆಯ ಚೂರುಗಳು ಮತ್ತೆ ಹತ್ತಿ ನೂಲಾಗುತ್ತವೆ, ಏಕೆಂದರೆ ಆ ಚೂರು ಯಾವ ನಾರಿನದ್ದು ಎಂದು ಮೊದಲೇ ಗೊತ್ತಿರುತ್ತದೆ. ಹಿಂಜಿದಾಗ ನಾರು ತುಂಡಾಗಿ ಗಿಡ್ಡವಾಗುವುದರಿಂದ ಹೊಸ ನಾರು ಬೆರೆಸಬೇಕಾಗುತ್ತದೆ. ಹತ್ತಿ, ಪಾಲಿಯೆಸ್ಟರ್ ಬೆರೆತ ಟೆರಿಕಾಟ್ ಬಟ್ಟೆಗೆ ಹಿಗ್ಗುವ ಲೈಕ್ರಾ ನಾರೂ ಸೇರಿದ್ದರೆ ಅಷ್ಟು ಮಾಡುವುದೂ ಕಷ್ಟ. 2017ರಲ್ಲಿ, ವಸ್ತುಗಳ ಮರುಬಳಕೆಗಾಗಿ ಕೆಲಸ ಮಾಡುವ ಬ್ರಿಟನ್ನಿನ ಎಲೆನ್ ಮ್ಯಾಕ್‌ಆರ್ಥರ್ ಪ್ರತಿಷ್ಠಾನದ ವರದಿ ಅಂದಾಜಿಸಿದಂತೆ, ಜಗತ್ತಿನಲ್ಲಿ ಉಡುಪಿಗೆ ಬಳಸಿದ ವಸ್ತುವಿನಲ್ಲಿ ಮತ್ತೆ ಉಡುಪಾಗುವುದು ಶೇಕಡಾ 1ಕ್ಕಿಂತ ಕಡಿಮೆ. ಅಂಗಡಿಯಲ್ಲಿ "ಮರುಬಳಕೆಯ ಪಾಲಿಯೆಸ್ಟರ್" ಎಂಬ ಚೀಟಿ ಕಂಡರೆ ಅದು ಬಹುಪಾಲು ನೀರಿನ ಬಾಟಲಿಯಿಂದ ಬಂದದ್ದೇ ಹೊರತು ಹಳೆಯ ಅಂಗಿಯಿಂದ ಬಂದದ್ದಲ್ಲ.

ದಾನ ಕೊಟ್ಟರಾಯಿತು ಎಂಬ ಸಮಾಧಾನವನ್ನು ನಾನು ಬಿಟ್ಟು ಬಹಳ ಕಾಲವಾಯಿತು. 2019ರ ಆಗಸ್ಟ್‌ನಲ್ಲಿ ಗಂಗಾವಳಿ ಉಕ್ಕಿ ಅಂಕೋಲಾ ತಾಲೂಕಿನ ಊರುಗಳು ಮುಳುಗಿದಾಗ, ನೆರವಿಗೆಂದು ಬಂದ ಬಟ್ಟೆಯ ಮೂಟೆಗಳನ್ನು ಬಿಚ್ಚುವ ಕೆಲಸಕ್ಕೆ ನಾನೂ ಹೋಗಿದ್ದೆ. ಒಗೆಯದ, ಅರ್ಧ ಒದ್ದೆಯ ಅಂಗಿಯೊಂದು ಒಳಗಿದ್ದರೆ ಎರಡೇ ದಿನದಲ್ಲಿ ಇಡೀ ಮೂಟೆ ಮುಗ್ಗುತ್ತಿತ್ತು. ಮನೆ ಕಳೆದುಕೊಂಡವರ ಮುಂದೆ ಅಂಥದ್ದನ್ನು ಹಿಡಿದು ನಿಂತ ಸಂಕೋಚ ಇನ್ನೂ ಹೋಗಿಲ್ಲ.

ಐರೋಪ್ಯ ಒಕ್ಕೂಟದ ದೇಶಗಳಲ್ಲಿ 2025ರ ಜನವರಿ 1ರಿಂದ ಬಟ್ಟೆಯನ್ನು ಬೇರೆಯಾಗಿ ಸಂಗ್ರಹಿಸುವುದು ಕಡ್ಡಾಯವಾಗಿದೆ. ಫ್ರಾನ್ಸ್‌ನಲ್ಲಂತೂ ಮಾರಿದ ಉಡುಪಿನ ಮುಂದಿನ ವಿಲೇವಾರಿಗೆ ತಯಾರಕರೇ ಹಣ ಕಟ್ಟುತ್ತಾರೆ. ಆ ಹೊಣೆ ನಮ್ಮಲ್ಲೂ ತಯಾರಕರ ಮೇಲೆ ಬರಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಆದರೆ ಅಲ್ಲಿಯವರೆಗೆ ನಮ್ಮ ಊರು ಕೈಕಟ್ಟಿ ಕೂರಬೇಕಾಗಿಲ್ಲ. ಒಣ ಕಸದ ಗಾಡಿ ಈಗಲೇ ಓಣಿಗೆ ಬರುತ್ತದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯನ್ನು ತೆಗೆದುಕೊಳ್ಳದೆ, ಬಿಸಿಲಿನ ತಿಂಗಳುಗಳಲ್ಲಿ ತಿಂಗಳಿಗೊಂದು ದಿನ ಬಟ್ಟೆಗೆಂದೇ ಗಾಡಿ ಬಂದರೆ ಅರ್ಧ ನಷ್ಟ ತಪ್ಪುತ್ತದೆ. ಶಾಲೆಯ ಸಮವಸ್ತ್ರದಿಂದಲೇ ಆರಂಭಿಸಬಹುದು: ಒಂದು ಶಾಲೆಯ ನೂರಾರು ಮಕ್ಕಳ ಬಟ್ಟೆ ಒಂದೇ ಬಣ್ಣ, ಒಂದೇ ಮಿಶ್ರಣ, ಅದನ್ನು ವಿಂಗಡಿಸುವ ಅಗತ್ಯವೇ ಬೀಳುವುದಿಲ್ಲ. ನೂಲಿನ ಬಟ್ಟೆ ಕೌದಿ ಹೊಲಿಯುವವರಿಗೆ ಹೋಗಲಿ, ಅದಕ್ಕೆ ತಕ್ಕ ಕೂಲಿಯೂ ಅವರಿಗೆ ಸಿಗಲಿ.

ಹೀಗೆಂದು ಬರೆದ ಅರ್ಜಿಯೊಂದನ್ನು ನಮ್ಮ ಓಣಿಯ ಹನ್ನೊಂದು ಮನೆಯವರ ಸಹಿಯೊಂದಿಗೆ ಕೊಡಲು ಸಿದ್ಧ ಮಾಡಿದ್ದೇನೆ. ಜಗಲಿಯಿಂದ ಮರಳಿ ಬಂದ ಚೀಲ ಅಟ್ಟದ ಮೇಲಿದೆ. ಹತ್ತಿ, ಪಾಲಿಯೆಸ್ಟರ್, ಮಿಶ್ರ ಎಂದು ಮೂರು ಗಂಟು ಕಟ್ಟಿ ಚೀಟಿ ಬರೆದು ಇಟ್ಟಿದ್ದೇನೆ.