ಆ 14 ನಿಮಿಷ ರೂಮು ಬಿಟ್ಟು ಹೋಗಬೇಡಿ

ನಮ್ಮ ಆಸ್ಪತ್ರೆಯ ಸೈಕಾಲಜಿ ವಿಭಾಗಕ್ಕೆ ಟ್ರೈನಿಂಗಿಗೆ ಬರುವ ಹುಡುಗ ಹುಡುಗಿಯರಿಗೆ ಕಂಪ್ಯೂಟರ್ ಟೆಸ್ಟ್ ಅಂದರೆ ಬಲು ಇಷ್ಟ. ಪೇಪರ್ ಟೆಸ್ಟಿಗಾದರೆ ಸ್ಟಾಪ್‌ವಾಚ್ ಹಿಡಿಯಬೇಕು, ತಪ್ಪು ಎಣಿಸಬೇಕು, ಆಮೇಲೆ ಟೇಬಲ್ ತೆಗೆದು ಅಂಕ ಹುಡುಕಬೇಕು. ಇಲ್ಲಿ ಅದ್ಯಾವುದೂ ಇಲ್ಲ. ಹೆಸರು, ವಯಸ್ಸು ಟೈಪ್ ಮಾಡಿ ಶುರು ಮಾಡಿದರೆ ಕೊನೆಗೆ ಗ್ರಾಫ್ ಸಮೇತ ರಿಪೋರ್ಟ್ ಕೈಗೆ ಬರುತ್ತದೆ. ಹಾಗಾಗಿ ಟೆಸ್ಟ್ ಶುರು ಮಾಡಿಸಿ, ಬಾಗಿಲು ಮುಚ್ಚಿ, ಟೀ ಕುಡಿಯಲು ಹೊರಡುತ್ತಾರೆ. ನಾನು ಬೇಡ ಅನ್ನುವುದು ಅದೊಂದನ್ನೇ. ಕುರ್ಚಿ ಎಳೆದುಕೊಂಡು ಅಲ್ಲೇ ಕೂತ್ಕೊಳ್ಳಿ, ಸ್ವಲ್ಪ ಹಿಂದಕ್ಕೆ, ಅವರ ಕಣ್ಣಿಗೆ ಬೀಳದ ಹಾಗೆ.

ನಾವು ಜಾಸ್ತಿ ಬಳಸುವುದು ಸಿಪಿಟಿ, ಅಂದರೆ ಕಂಟಿನ್ಯುಯಸ್ ಪರ್ಫಾರ್ಮೆನ್ಸ್ ಟೆಸ್ಟ್. ಗಮನ ಎಷ್ಟು ಹೊತ್ತು ಒಂದೇ ಕಡೆ ನಿಲ್ಲುತ್ತದೆ ಅಂತ ನೋಡುವ ಟೆಸ್ಟ್ ಇದು. ಅದರಲ್ಲೂ ಕಾನರ್ಸ್ ಸಿಪಿಟಿಯ ಮೂರನೇ ಆವೃತ್ತಿ. ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳು ಒಂದೊಂದಾಗಿ ಬರುತ್ತವೆ. ಪ್ರತಿ ಅಕ್ಷರ ಕಾಣುವುದು ಕಾಲು ಸೆಕೆಂಡು ಮಾತ್ರ. ಮುಂದಿನದು 1 ಸೆಕೆಂಡಿಗೆ ಬರಬಹುದು, 2 ಸೆಕೆಂಡಿಗೆ ಬರಬಹುದು, 4 ಸೆಕೆಂಡಿಗೂ ಬರಬಹುದು. ಯಾವ ಅಕ್ಷರ ಬಂದರೂ ಸ್ಪೇಸ್‌ಬಾರ್ ಒತ್ತಬೇಕು. ಎಕ್ಸ್ ಬಂದರೆ ಮಾತ್ರ ಸುಮ್ಮನಿರಬೇಕು. ಒಟ್ಟು 360 ಸಲ, 14 ನಿಮಿಷ. ಇಷ್ಟು ಬೋರಾಗಿರುವುದೇ ಇದರ ಉದ್ದೇಶ. ಹಾಲು ಕಾಯಲು ಇಟ್ಟು ಒಲೆ ಮುಂದೆ ನಿಂತ ಹಾಗೆ: ಏನೂ ಆಗುತ್ತಿಲ್ಲ ಅಂತ ಅತ್ತ ತಿರುಗಿದ ಗಳಿಗೆಯಲ್ಲೇ ಉಕ್ಕಿರುತ್ತದೆ.

ಮನುಷ್ಯನ ಈ ಗುಣವನ್ನು ಮೊದಲು ಗಂಭೀರವಾಗಿ ಅಳೆಯಲು ಹೊರಟವರು ಯುದ್ಧಕಾಲದವರು. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ವಾಯುಪಡೆಯ ರಾಡಾರ್ ಸಿಬ್ಬಂದಿ ಗಂಟೆಗಟ್ಟಲೆ ಪರದೆ ನೋಡಿ ನೋಡಿ, ಕಣ್ಣೆದುರಿಗೇ ಬಂದ ಚುಕ್ಕೆಯನ್ನು ಕಾಣದೆ ಹೋಗುತ್ತಿದ್ದರು. ನಾರ್ಮನ್ ಮ್ಯಾಕ್‌ವರ್ತ್ ಎಂಬ ಮನಶ್ಶಾಸ್ತ್ರಜ್ಞರು ಇದಕ್ಕಾಗಿ ಅಂಕಿಗಳೇ ಇಲ್ಲದ ಒಂದು ಗಡಿಯಾರ ಮಾಡಿಸಿದರು. ಮುಳ್ಳು ಸೆಕೆಂಡಿಗೊಂದು ಹೆಜ್ಜೆ ಇಡುತ್ತದೆ, ಅಪರೂಪಕ್ಕೆ ಒಮ್ಮೆ ಎರಡು ಹೆಜ್ಜೆ ಜಿಗಿಯುತ್ತದೆ. ಜಿಗಿದಾಗ ಹೇಳಬೇಕು. ಹೀಗೆ ಎರಡು ಗಂಟೆ. 1948ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದ ಪ್ರಕಾರ ಮೊದಲ ಅರ್ಧ ಗಂಟೆ ದಾಟಿದ ಮೇಲೆಯೇ ಜನ ಸಾಕಷ್ಟು ಜಿಗಿತಗಳನ್ನು ತಪ್ಪಿಸಿಕೊಳ್ಳುತ್ತಿದ್ದರು. ಇವರೆಲ್ಲ ಆರೋಗ್ಯವಂತ ಯುವಕರು ಅನ್ನುವುದು ನೆನಪಿರಲಿ. ಸಿಪಿಟಿ ಬಂದದ್ದು 1956ರಲ್ಲಿ, ರೋಸ್‌ವೋಲ್ಡ್ ಮತ್ತು ಸಂಗಡಿಗರಿಂದ. ಅದೂ ಮಕ್ಕಳ ಚಂಚಲತೆ ನೋಡಲು ಅಲ್ಲ, ಮಿದುಳಿಗೆ ಹಾನಿಯಾದವರನ್ನು ಗುರುತಿಸಲು.

ಈಗ ಪಕ್ಕದಲ್ಲಿ ಯಾಕೆ ಕೂರಬೇಕು ಅನ್ನುವ ವಿಷಯ. ಯಂತ್ರ ಮುಖ್ಯವಾಗಿ ನಾಲ್ಕು ಸಂಗತಿ ಬರೆದಿಡುತ್ತದೆ: ಒತ್ತಬೇಕಾದಾಗ ಒತ್ತದ್ದು, ಒತ್ತಬಾರದಾಗ ಒತ್ತಿದ್ದು, ಸರಾಸರಿ ಎಷ್ಟು ಬೇಗ ಒತ್ತಿದರು, ಆ ವೇಗದಲ್ಲಿ ಎಷ್ಟು ಏರುಪೇರು ಇತ್ತು. ಯಾಕೆ ಅನ್ನುವುದು ಯಂತ್ರಕ್ಕೆ ಗೊತ್ತಾಗುವುದಿಲ್ಲ. ಐದನೇ ನಿಮಿಷದಲ್ಲಿ ಮಗು ಸಾಲಾಗಿ ನಾಲ್ಕು ಅಕ್ಷರ ಬಿಟ್ಟಿತು ಅಂತ ಗ್ರಾಫ್ ತೋರಿಸುತ್ತದೆ. ಆಗ ಕಾರಿಡಾರಿನಲ್ಲಿ ಯುಪಿಎಸ್ ಕೀಂಯ್ ಅಂದಿತ್ತೋ, ಮಗು ಮೂಗು ಒರೆಸಿಕೊಂಡಿತೋ, ಕಿಟಕಿಯ ಪಾರಿವಾಳ ನೋಡಿತೋ? ಪಾರಿವಾಳ ನೋಡಿದ್ದರೆ ಅದು ನನಗೆ ಬೇಕಾದ ಸಂಗತಿ. ಯುಪಿಎಸ್ ಆದರೆ ಅದು ನಮ್ಮ ಕಟ್ಟಡದ ಸಮಸ್ಯೆ. ಎರಡಕ್ಕೂ ಗ್ರಾಫಿನಲ್ಲಿ ಒಂದೇ ಥರದ ತಗ್ಗು. ಅದಕ್ಕೆ ನಾನು ಹಾಳೆಯಲ್ಲಿ ನಿಮಿಷದ ಲೆಕ್ಕ ಹಾಕಿಕೊಂಡು ಸಣ್ಣ ಟಿಪ್ಪಣಿ ಬರೆಯುತ್ತೇನೆ. 'ಆಕಳಿಕೆ', 'ಬಾಯಲ್ಲಿ ಅಕ್ಷರ ಹೇಳಿಕೊಳ್ಳುತ್ತಿದ್ದಾನೆ', 'ಎಕ್ಸ್ ಒತ್ತಿ ಛೆ ಅಂದಳು'. ಆ 'ಛೆ' ಬಹಳ ಮುಖ್ಯ. ತಪ್ಪಾಯ್ತು ಅಂತ ತಾನೇ ಕಂಡುಕೊಳ್ಳುವ ಮಗುವೂ, ಗೊತ್ತೇ ಆಗದೆ ಮುಂದೆ ಹೋಗುವ ಮಗುವೂ ಅಂಕದಲ್ಲಿ ಒಂದೇ ಥರ ಕಾಣುತ್ತಾರೆ.

ಇನ್ನು ನಿಧಾನ ಮತ್ತು ತಪ್ಪಿನ ಲೆಕ್ಕ. ಇದನ್ನು ಬೇರೆ ಬೇರೆ ಓದಿದರೆ ದಾರಿ ತಪ್ಪುತ್ತೇವೆ. ಒಬ್ಬಳು ಹೈಸ್ಕೂಲು ಹುಡುಗಿ ಬಂದಿದ್ದಳು. ಓದಿನಲ್ಲಿ ಹಿಂದೆ, ಪರೀಕ್ಷೆ ಪೂರ್ತಿ ಬರೆಯಲು ಆಗುವುದಿಲ್ಲ ಅಂತ ದೂರು. ಎಕ್ಸ್ ಮೇಲೆ ತಪ್ಪು ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಆದರೆ ವೇಗ ತೀರಾ ಕಮ್ಮಿ. ಸಂಖ್ಯೆ ಮಾತ್ರ ನೋಡಿದರೆ ಮಿದುಳಿನ ವೇಗವೇ ಕಮ್ಮಿ ಅಂತ ಬರೆದುಬಿಡಬಹುದಿತ್ತು. ಪಕ್ಕದಲ್ಲಿ ಕೂತವರಿಗೆ ಕಂಡದ್ದು ಬೇರೆ. ಬೆರಳು ಸ್ಪೇಸ್‌ಬಾರ್ ಮೇಲೆ ಇಟ್ಟು, ಅಕ್ಷರ ಬಂದ ಮೇಲೂ ಒಂದು ಕ್ಷಣ ತಡೆದು, ಖಾತ್ರಿ ಮಾಡಿಕೊಂಡು ಒತ್ತುತ್ತಿದ್ದಳು. ಮುಗಿದ ಮೇಲೆ ಕೇಳಿದೆ. 'ತಪ್ಪು ಮಾಡಿದ್ರೆ ಮೈನಸ್ ಮಾರ್ಕ್ಸ್ ಇರುತ್ತಲ್ವಾ ಮೇಡಂ?' ಅಂದಳು. ಅವಳ ವೇಗವನ್ನು ಹಿಡಿದಿಟ್ಟಿದ್ದು ಹೆದರಿಕೆ. ಇನ್ನೊಂದು ತುದಿಯಲ್ಲಿ, ಅಕ್ಷರ ಬರುವ ಮೊದಲೇ ತಾಳಕ್ಕೆ ತಕ್ಕಂತೆ ಒತ್ತುತ್ತಾ ಹೋಗುವ ಹುಡುಗರಿರುತ್ತಾರೆ. ಅವರ ಸರಾಸರಿ ವೇಗ ನೋಡಿ ಭಲೇ ಅನ್ನಬೇಕು. ಆದರೆ 100 ಮಿಲಿಸೆಕೆಂಡಿನೊಳಗೆ, ಅಂದರೆ ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ, ಅಕ್ಷರ ನೋಡಿ ಒತ್ತಲು ಯಾರಿಂದಲೂ ಆಗದು, ಅದು ಊಹೆಯ ಒತ್ತು.

ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಚಡಪಡಿಕೆಯ ತೊಂದರೆ ಇರುವವರಲ್ಲಿ ನಾನು ಸರಾಸರಿಗಿಂತ ಏರುಪೇರಿನ ಕಡೆ ಮೊದಲು ಕಣ್ಣು ಹಾಯಿಸುತ್ತೇನೆ. ಒಂದು ಸಲ ಚುರುಕು, ಇನ್ನೊಂದು ಸಲ ಎಲ್ಲೋ ಹೋಗಿ ಬಂದ ಹಾಗೆ ತಡ. ಸಂಶೋಧನೆಗಳಲ್ಲೂ ಮತ್ತೆ ಮತ್ತೆ ಕಂಡಿರುವುದು ಇದೇ. ಹಾಗಂತ ಟೆಸ್ಟ್ ಚೆನ್ನಾಗಿ ಬಂದರೆ ಎಡಿಎಚ್‌ಡಿ ಇಲ್ಲ ಅಂತ ಅಲ್ಲ. ಕ್ಲಾಸಿನಲ್ಲಿ ಬೆಂಚಿನ ಮೇಲೆ ಸುಮ್ಮನೆ ಕೂರದ ಹುಡುಗ ನಮ್ಮ ರೂಮಿನಲ್ಲಿ ಜಾಣನಾಗಿ ಕೂರುತ್ತಾನೆ. ಹೊಸ ಜಾಗ, ಗಲಾಟೆ ಇಲ್ಲ, ಕಂಪ್ಯೂಟರ್ ಇದೆ, ಪಕ್ಕದಲ್ಲಿ ಅವನಿಗೆಂದೇ ಒಬ್ಬರು ದೊಡ್ಡವರಿದ್ದಾರೆ. ಮನೆಯಲ್ಲಿ, ಶಾಲೆಯಲ್ಲಿ ಇಷ್ಟು ಸವಲತ್ತು ಎಲ್ಲಿಂದ ಬರಬೇಕು? ಮಾನಸಿಕ ತೊಂದರೆಗಳನ್ನು ಗುರುತಿಸಲು ವೈದ್ಯರು ಬಳಸುವ ಕೈಪಿಡಿ ಡಿಎಸ್‌ಎಂ-5 ಕೂಡ ಕೇಳುವುದು ಎರಡು ಕಡೆಯಾದರೂ ತೊಂದರೆ ಇದೆಯೇ, 12 ವರ್ಷಕ್ಕೆ ಮೊದಲೇ ಲಕ್ಷಣಗಳಿದ್ದವೇ ಅಂತ. ಟೆಸ್ಟಿನ ಅಂಕ ಆ ಪಟ್ಟಿಯಲ್ಲೇ ಇಲ್ಲ. ಪಕ್ಕದಲ್ಲಿ ಕೂರುವುದರಿಂದಲೇ ಮಗುವಿನ ಅಂಕ ಸ್ವಲ್ಪ ಮೇಲೇಳಬಹುದು ಅನ್ನುವ ಆಕ್ಷೇಪವೂ ಇದೆ. ನಿಜವೇ. ಆದರೂ ಯಾಕೆ ಬಂತು ಅಂತ ಗೊತ್ತಿಲ್ಲದ ಅಂಕಕ್ಕಿಂತ ನನಗೆ ಇದೇ ವಾಸಿ.

ಯಂತ್ರದ ಕಥೆ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಇದನ್ನು ನಮಗೆ ಯಾರೂ ಪಾಠದಲ್ಲಿ ಹೇಳಿರಲಿಲ್ಲ. ನಾವು ಅಳೆಯುವುದು ಮಿಲಿಸೆಕೆಂಡಿನಲ್ಲಿ. ಸಾಮಾನ್ಯ ಮಾನಿಟರ್ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತದೆ, ಅಂದರೆ ಒಂದು ಬದಲಾವಣೆಗೆ ಸುಮಾರು 17 ಮಿಲಿಸೆಕೆಂಡ್. ಕೀಬೋರ್ಡಿನದು ಬೇರೆ ತಡ. ಬ್ಲೂಟೂತ್ ಆದರೆ ಇನ್ನೂ ತಡ, ಅದೂ ಪ್ರತಿ ಸಲ ಒಂದೇ ಸಮ ಇರುವುದಿಲ್ಲ. ಒಂದು ಸಲ ಮೇಜು ಚೆಂದ ಕಾಣಲಿ ಅಂತ ಯಾರೋ ವೈರ್ ಇಲ್ಲದ ಕೀಬೋರ್ಡ್ ತಂದಿಟ್ಟರು. ಆ ವಾರ ಬಂದವರೆಲ್ಲ ಸ್ವಲ್ಪ ನಿಧಾನದವರೇ! ನಾವೇ ಕೂತು ಹಳೆಯ ಕೀಬೋರ್ಡಿನಲ್ಲೂ ಹೊಸದರಲ್ಲೂ ಮಾಡಿ ನೋಡಿದಾಗ ವ್ಯತ್ಯಾಸ ಕಣ್ಣಿಗೆ ಬಿತ್ತು. ಈಗ ವೈರ್ ಇರುವ ಅದೇ ಕೀಬೋರ್ಡ್, ಅದೇ ಕಂಪ್ಯೂಟರ್. ಇಂಟರ್ನೆಟ್ ಬಂದ್, ನೋಟಿಫಿಕೇಶನ್ ಬಂದ್. ಅಪ್‌ಡೇಟ್ ಬಾಕಿ ಇದ್ದರೆ ಹಿಂದಿನ ಸಂಜೆಯೇ ಮುಗಿಸಬೇಕು.

ಅಕ್ಷರದ್ದೂ ಒಂದು ತಕರಾರಿದೆ. ಇಂಗ್ಲಿಷ್ ಅಕ್ಷರ ನಮ್ಮ ಕೆಲವು ಮಕ್ಕಳಿಗೆ, ಹಿರಿಯರಿಗೆ ನೀರು ಕುಡಿದಷ್ಟು ಸಲೀಸಲ್ಲ. ಕಾಲು ಸೆಕೆಂಡಿನಲ್ಲಿ ಗುರುತು ಹಿಡಿಯುವ ಹೊತ್ತಿಗೆ ಅಕ್ಷರ ಮಾಯ. ಅಂಥವರಿಗೆ ಟೋವಾದಂಥ ಟೆಸ್ಟ್ ವಾಸಿ. ಅದರಲ್ಲಿ ಅಕ್ಷರವೇ ಇಲ್ಲ, ಚೌಕದೊಳಗಿನ ಸಣ್ಣ ಚೌಕ ಮೇಲಿದೆಯೋ ಕೆಳಗಿದೆಯೋ ಅಂತ ನೋಡಿದರೆ ಸಾಕು. ಅದರಲ್ಲಿ ಮೊದಲರ್ಧ ಒತ್ತುವ ಅವಕಾಶ ಅಪರೂಪ, ಎರಡನೇ ಅರ್ಧದಲ್ಲಿ ಹೆಚ್ಚೂಕಡಿಮೆ ಒತ್ತುತ್ತಲೇ ಇರಬೇಕು. ಆದರೆ ಹೋಲಿಸುವ ಅಂಕಗಳು ಎರಡರಲ್ಲೂ ಅಮೆರಿಕದ ಜನರವು. ಹಾಗಾಗಿ ಕಂಪ್ಯೂಟರ್ ಆದ ಮೇಲೂ ನಾನು ನಿಮ್ಹಾನ್ಸಿನ 2004ರ ಬ್ಯಾಟರಿಯ, ಅಂದರೆ ಟೆಸ್ಟುಗಳ ಗುಚ್ಛದ, ಪೇಪರ್ ಟೆಸ್ಟುಗಳನ್ನು ಬಿಡುವುದಿಲ್ಲ. ಹಾಳೆ ತುಂಬ ಅಂಕಿಗಳಿರುತ್ತವೆ, ಅದರಲ್ಲಿ 6 ಮತ್ತು 9 ಮಾತ್ರ ಹೊಡೆದು ಹಾಕಬೇಕು. ನೋಡಲು ಹಳೇ ಕಾಲದ್ದು. ಆದರೆ ಅದರ ಮಾನದಂಡವನ್ನು ನಮ್ಮ ಜನರ ಮೇಲೆ, ವಯಸ್ಸು ಮತ್ತು ಓದು ನೋಡಿ ಮಾಡಿದ್ದಾರೆ. ಶಾಲೆ ಬಿಟ್ಟು ನಲವತ್ತು ವರ್ಷವಾದ ರೈತರನ್ನು ಸಾಫ್ಟ್‌ವೇರ್ ಎಂಜಿನಿಯರ್ ಜೊತೆ ತೂಗುವ ಅನ್ಯಾಯ ಅಲ್ಲಿಲ್ಲ.

ವೇಗ ಅಂದಾಗ ಕೈಯ ವೇಗವೋ ತಲೆಯ ವೇಗವೋ ಅನ್ನುವುದನ್ನೂ ಬಿಡಿಸಿ ನೋಡಬೇಕು. ಕೀಲುನೋವು ಇದ್ದವರು, ಕೈ ನಡುಗುವವರು, ಕೀಬೋರ್ಡ್ ಮುಟ್ಟಿಯೇ ಇಲ್ಲದವರು ಒತ್ತುವುದರಲ್ಲೇ ಹಿಂದೆ ಬೀಳುತ್ತಾರೆ. ಅಂಥವರಿಗೆ ಚಿಹ್ನೆಗೆ ಅಂಕಿ ಹೊಂದಿಸುವ ಎಸ್‌ಡಿಎಂಟಿಯನ್ನು ಬಾಯಲ್ಲೇ ಹೇಳಿಸಬಹುದು. 90 ಸೆಕೆಂಡಿನ ಕೆಲಸ. ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನುವ ನರಗಳ ಕಾಯಿಲೆ ಇರುವವರ ತಪಾಸಣೆಯಲ್ಲಿ ಇದು ಎಲ್ಲೆಡೆ ಬಳಕೆಯಲ್ಲಿದೆ. ಬಾಯಿ ಚುರುಕಾಗಿದ್ದು ಬೆರಳು ಮಾತ್ರ ನಿಧಾನ ಅಂದರೆ ನಾವು ಬೇರೆ ಕಡೆ ಹುಡುಕಬೇಕು.

ನಿದ್ದೆ, ಮಾತ್ರೆ ಕೇಳದೆ ಟೆಸ್ಟ್ ಶುರು ಮಾಡುವಂತಿಲ್ಲ. ನೈಟ್ ಶಿಫ್ಟ್ ಮುಗಿಸಿ ನೇರ ನಮ್ಮಲ್ಲಿಗೇ ಬರುವವರು ಬೆಂಗಳೂರಿನಲ್ಲಿ ಕಮ್ಮಿಯೇನಿಲ್ಲ. ನಿದ್ದೆಗೆಟ್ಟವರನ್ನು ಅಳೆಯಲೆಂದೇ 1985ರಲ್ಲಿ ಡಿಂಜಸ್ ಮತ್ತು ಪೊವೆಲ್ ಒಂದು ಟೆಸ್ಟ್ ಮಾಡಿದ್ದಾರೆ, ಹೆಸರು ಪಿವಿಟಿ. 10 ನಿಮಿಷ ಪರದೆ ನೋಡುತ್ತಾ, ಸಂಕೇತ ಬಂದ ಕೂಡಲೇ ಒತ್ತುವುದು. ಅರ್ಧ ಸೆಕೆಂಡಿಗಿಂತ ತಡವಾದರೆ ಮಂಕು ಕವಿದ ಲೆಕ್ಕ. ಬಾಹ್ಯಾಕಾಶ ನಿಲ್ದಾಣದಲ್ಲಿ ಇರುವವರೂ ಇದರ ಚುಟುಕು ರೂಪವನ್ನು ಮಾಡಿದ್ದಾರೆ. ನಿದ್ದೆಯಿಲ್ಲದೆ ಬಂದವರಿಗೆ ಸಿಪಿಟಿ ಮಾಡಿಸಿದರೆ ನಾವು ಅಳೆಯುವುದು ಅವರ ರಾತ್ರಿ ಪಾಳಿಯನ್ನು. ಇನ್ನೊಂದು ಶೀತದ ಮಾತ್ರೆ. 'ಯಾವ ಮಾತ್ರೇನೂ ಇಲ್ಲ' ಅನ್ನುತ್ತಾರೆ. ನೆಗಡಿಗೆ ಅಂಗಡಿಯಿಂದ ತಂದದ್ದನ್ನು ಯಾರೂ ಮಾತ್ರೆ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ! ಅದರಲ್ಲಿ ಮಂಪರು ತರಿಸುವ ಕ್ಲೋರ್‌ಫೆನಿರಮಿನ್ ಇದ್ದರೆ ಅವತ್ತಿನ ವೇಗ ಕುಸಿಯುತ್ತದೆ. ಹೆಸರು ಹಿಡಿದು ಕೇಳಬೇಕು: ನೆಗಡಿ ಮಾತ್ರೆ, ಅಲರ್ಜಿ ಮಾತ್ರೆ, ಫಿಟ್ಸ್ ಮಾತ್ರೆ, ನಿದ್ದೆ ಮಾತ್ರೆ.

ರಿಪೋರ್ಟ್ ಕೈಗೆ ಕೊಡುವಾಗಲೂ ಪಕ್ಕದಲ್ಲಿ ಕೂರಬೇಕು. ಇದರಲ್ಲಿ ಬರುವುದು ಟಿ ಸ್ಕೋರ್. ಸರಾಸರಿ 50, ಮೇಲಕ್ಕೆ ಹೋದಷ್ಟೂ ತೊಂದರೆ ಜಾಸ್ತಿ, 60 ದಾಟಿದರೆ ಗಮನ ಕೊಡಬೇಕು. ನಮ್ಮ ಊರಿನಲ್ಲಿ 60 ಅಂದರೆ ಏನು ಅರ್ಥ ಅಂತ ಹೇಳಬೇಕಾಗಿಲ್ಲ. ಒಬ್ಬ ತಾಯಿ ಕಾಗದದ ಮೇಲೆ 68 ನೋಡಿ ಖುಷಿಯಾಗಿ, 'ಫಸ್ಟ್ ಕ್ಲಾಸೇ ಬಂತಲ್ಲ ಮೇಡಂ!' ಅಂದಿದ್ದರು. ಆಮೇಲಿಂದ ನಾನು ಸಂಖ್ಯೆಯನ್ನು ರಿಪೋರ್ಟಿನ ಕೊನೆಗೆ ತಳ್ಳಿದ್ದೇನೆ. ಮೊದಲ ಪುಟದಲ್ಲಿ ಕಂಡದ್ದನ್ನು ಬರೆಯುತ್ತೇನೆ. 'ಮೊದಲ ಕೆಲವು ನಿಮಿಷ ಚೆನ್ನಾಗಿ ಮಾಡಿದ. ಆಮೇಲೆ ಕುರ್ಚಿಯಲ್ಲಿ ಹೊರಳಾಡತೊಡಗಿದ. ಅಕ್ಷರಗಳು ನಿಧಾನವಾಗಿ ಬಂದಾಗ ಬಿಟ್ಟದ್ದು ಜಾಸ್ತಿ, ಬೇಗ ಬಂದಾಗ ಕಮ್ಮಿ.' ಕೊನೆಯ ವಾಕ್ಯ ಶಾಲೆಯ ಟೀಚರಿಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಕಾಯಿಸದೆ, ಸಣ್ಣ ಸಣ್ಣ ಕೆಲಸ ಒಂದರ ಹಿಂದೆ ಒಂದು ಕೊಡಿ ಅಂತ ಹೇಳಬಹುದು.

ಮಾತ್ರೆ ಶುರುವಾದ ಮೇಲೆ ಮತ್ತೆ ಟೆಸ್ಟಿಗೆ ಬರುವವರದ್ದೂ ಇದೇ ಕ್ರಮ. ಮೊದಲ ಸಲ ಬೆಳಗ್ಗೆ ತಿಂಡಿ ತಿಂದು ಬಂದಿದ್ದರೆ ಈ ಸಲವೂ ಬೆಳಗ್ಗೆ, ತಿಂಡಿ ತಿಂದು. ಕನ್ನಡಕ ಇದ್ದರೆ ತರಲೇಬೇಕು. ಮಾತ್ರೆ ತೆಗೆದುಕೊಂಡ ಗಂಟೆ ಬರೆದುಕೊಂಡು ಬರಬೇಕು. ಅಪಾಯಿಂಟ್‌ಮೆಂಟ್ ಚೀಟಿಯ ಹಿಂದೆ ಇವನ್ನೆಲ್ಲ ದಪ್ಪ ಅಕ್ಷರದಲ್ಲಿ ಬರೆದು ಕೊಡುತ್ತೇವೆ. ಆದರೂ ಅರ್ಧ ಜನ ಕನ್ನಡಕ ಮರೆತೇ ಬರುತ್ತಾರೆ, ಅವರಿಗೆ ಮತ್ತೊಂದು ದಿನ ಕೊಡುತ್ತೇವೆ.