ಹಳೆ ಕಾರಿಗೊಂದು ಪುಟ್ಟ ಡಿಸ್‌ಪ್ಲೇ

ನನ್ನ ಕಾರಿನಲ್ಲಿ ಇಂಜಿನ್ ಬಿಸಿ ತೋರಿಸುವ ಮುಳ್ಳೇ ಇಲ್ಲ. ಬಿಸಿ ಜಾಸ್ತಿಯಾದರೆ ಕೆಂಪು ದೀಪ ಹತ್ತುತ್ತದೆ, ಅಷ್ಟೇ. ಆ ಹೊತ್ತಿಗೆ ತಡವಾಗಿರುತ್ತದೆ ಅಲ್ವಾ? ಅದಕ್ಕೇ ಒಬಿಡಿ ಡಿಸ್‌ಪ್ಲೇ ಹಾಕಿದೆ, ಅಂದರೆ ಕಾರಿನ ಕಂಪ್ಯೂಟರ್‌ನಿಂದ ಮಾಹಿತಿ ಓದಿ ತೋರಿಸುವ ಪುಟ್ಟ ಪರದೆ.

ಸ್ಟೇರಿಂಗ್ ಕೆಳಗಿನ ಪೋರ್ಟ್‌ಗೆ ಸಿಕ್ಕಿಸಿದರೆ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಹತ್ತು ದಿನ ಕಾರು ತೆಗೆದಿರಲಿಲ್ಲ. ಆಮೇಲೆ ಕೀ ತಿರುಗಿಸಿದರೆ ಬರೀ ಟಿಕ್ ಟಿಕ್ ಸದ್ದು. ಬ್ಯಾಟರಿ ಇಳಿದುಹೋಗಿತ್ತು. ಪೋರ್ಟಿನ 16ನೇ ಪಿನ್‌ಗೆ ಬ್ಯಾಟರಿಯಿಂದ ನೇರ ಕರೆಂಟ್ ಬರುತ್ತದೆ, ಕೀ ತೆಗೆದರೂ ನಿಲ್ಲುವುದಿಲ್ಲ. ನನ್ನ ಡಿಸ್‌ಪ್ಲೇ ಪೂರ್ತಿ ಆಫ್ ಆಗುತ್ತಿರಲಿಲ್ಲ.

ಒಂದು ಭಾನುವಾರ ಫ್ಯೂಸ್ ಬಾಕ್ಸ್ ಮುಂದೆ ಮಲ್ಟಿಮೀಟರ್ ಹಿಡಿದು ಕೂತೆ. ಕೀ ಆನ್ ಮಾಡಿದಾಗ 12 ವೋಲ್ಟ್, ತೆಗೆದರೆ ಸೊನ್ನೆ ತೋರಿಸುವ ಜಾಗ ಹುಡುಕಿದೆ. 16ನೇ ಪಿನ್ ಬದಲು ಅಲ್ಲಿಂದ 2 ಆಂಪಿಯರ್ ಫ್ಯೂಸ್ ಹಾಕಿ ಡಿಸ್‌ಪ್ಲೇಗೆ ಲೈನ್ ಎಳೆದೆ. ವೈರನ್ನು ಬಾಗಿಲ ಪಕ್ಕದ ಕಂಬದ ಒಳಗೆ ತೂರಿಸಲಿಲ್ಲ, ಅಲ್ಲಿ ಏರ್‌ಬ್ಯಾಗ್ ಇದೆ. ಡ್ಯಾಶ್‌ಬೋರ್ಡ್ ಕೆಳಗೇ ಕಟ್ಟಿದೆ.

ಈಗ ಕೂಲೆಂಟ್ (ಇಂಜಿನ್ ತಂಪಾಗಿಡುವ ದ್ರವ) 40ರಿಂದ ನಿಧಾನವಾಗಿ 90 ಡಿಗ್ರಿಗೆ ಏರುವುದನ್ನು ನೋಡುವುದೇ ಖುಷಿ. ಬಿಸಿಯಾಗುವ ತನಕ ಆಕ್ಸಿಲರೇಟರ್ ಜೋರಾಗಿ ಒತ್ತುವುದಿಲ್ಲ. ಮೈಲೇಜ್ ಅಂಕಿಯನ್ನು ಮಾತ್ರ ಪೂರ್ತಿ ನಂಬಬೇಡಿ. ನನ್ನದು ಇಂಜಿನ್ ಎಳೆದುಕೊಳ್ಳುವ ಗಾಳಿಯ ಲೆಕ್ಕದಿಂದ ಪೆಟ್ರೋಲ್ ಅಂದಾಜು ಮಾಡುತ್ತದೆ. ಇಳಿಜಾರಿನಲ್ಲಿ ಗೇರ್‌ನಲ್ಲೇ ಇದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ, ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ನಿಂತಿದ್ದರೂ ಒಂದಿಷ್ಟು ಪೆಟ್ರೋಲ್ ಹೋದಂತೆ ತೋರಿಸುತ್ತದೆ. ಟ್ಯಾಂಕ್ ತುಂಬಿಸಿ ಲೆಕ್ಕ ಹಾಕುವುದನ್ನು ನಾನು ಇನ್ನೂ ಬಿಟ್ಟಿಲ್ಲ.