ಯಾದವಗಿರಿಯ ಡುಗ್ ಡುಗ್

ಜುಲೈ ತಿಂಗಳ ಎರಡನೇ ಭಾನುವಾರ ಬಂತೆಂದರೆ ಜಾವಾ–ಯೆಜ್ಡಿ ಬೈಕ್ ಹುಚ್ಚಿನವರಿಗೆಲ್ಲ ಹಬ್ಬ. ಮೈಸೂರಿನಲ್ಲಿ ಸಂಭ್ರಮ ಇನ್ನೂ ಜಾಸ್ತಿ. ಇದು ಆ ಗಾಡಿಗಳ ತವರು ಅಲ್ವಾ? ರುಸ್ತುಂ ಮತ್ತು ಫರೋಖ್ ಇರಾನಿ ಜೆಕ್ ಕಂಪನಿಯ ಜೊತೆ ಸೇರಿ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. 1961ರಿಂದ ಇಲ್ಲಿ ಬೈಕ್ ತಯಾರಾದವು. ಆಮೇಲೆ ಯೆಜ್ಡಿ ಅಂತ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಈ ಸಲ ಮಾವನ ಯೆಜ್ಡಿ ರೋಡ್‌ಕಿಂಗ್ ಬೈಕ್ ತಗೊಂಡು ಈ ಹಬ್ಬಕ್ಕೆ ನಾನೂ ಹೋಗಿದ್ದೆ. ಥಳಥಳ ಹೊಳೆಯುವ ಗಾಡಿಗಳು, ಸೆಲ್ಫಿಗೆ ನೂಕುನುಗ್ಗಲು. ಎಲ್ಲಾ ಚೆನ್ನಾಗಿಯೇ ಇತ್ತು. ಆದರೆ ನನ್ನ ಕಣ್ಣು ಹೋಗಿದ್ದು ಪಕ್ಕದಲ್ಲಿ ನಿಂತಿದ್ದ ಒಬ್ಬ ಹಿರಿಯರ ಮೇಲೆ. ಅದೇ ಕಾರ್ಖಾನೆಯಲ್ಲಿ ಇಂಜಿನ್ ಜೋಡಿಸುವ ಕೆಲಸ ಮಾಡಿದ್ದವರಂತೆ.

ಕಾಲೇಜು ಹುಡುಗನೊಬ್ಬ ಕಿಕ್ಕರ್ ಎಲ್ಲಿದೆ ಅಂತ ಹುಡುಕುತ್ತಿದ್ದ. ಅವರು ನಕ್ಕು ಹತ್ತಿರ ಬಂದರು. "ಗೇರ್ ಲಿವರ್ರೇ ಕಿಕ್ಕರ್ರು ಮಗಾ. ಒಳಕ್ಕೆ ಒತ್ತು, ಮೇಲಕ್ಕೆ ತಿರುಗ್ಸು. ಈಗ ಒದಿ." ಎರಡು ಸೈಲೆನ್ಸರ್‌ನಿಂದಲೂ ನೀಲಿ ಹೊಗೆ. ಲಿವರನ್ನು ವಾಪಸ್ ಮುಂದಕ್ಕೆ ಮಡಚಿಸಿ, "ಕ್ಲಚ್ ಹಿಡೀಬೇಡ, ಸುಮ್ನೆ ಗೇರ್ ಒತ್ತು" ಅಂದರು. ಹುಡುಗ ಬೆಪ್ಪಾದ. ಈ ಗಾಡಿಯಲ್ಲಿ ಗೇರ್ ಲಿವರ್ ಒತ್ತಿದರೆ ಕ್ಲಚ್ ತಾನಾಗಿಯೇ ಬಿಡುತ್ತದೆ. ನಾನೂ ಕೇಳಿದ್ದೆ, ಕಣ್ಣಾರೆ ನೋಡಿರಲಿಲ್ಲ.

ಊರಿಗೆ ನೆಂಟರು ಬಂದರೆ ನಾವು ಅರಮನೆ ತೋರಿಸುತ್ತೇವೆ, ಮೈಸೂರ್ ಪಾಕ್, ಗಂಧದ ಸೋಪು ಕಟ್ಟಿಕೊಡುತ್ತೇವೆ. ಬೈಕಿನ ಮಾತು ಬಂದರೆ "ಅಯ್ಯೋ, ಅದು ಮುಚ್ಚೋಯ್ತಲ್ಲ" ಅಂದು ಮುಗಿಸುತ್ತೇವೆ. ಗಾಡಿಗೆ ಕ್ರೋಮ್ ಹಾಕಿಸಲು ದುಡ್ಡು ಸುರಿಯುವವರು ಬೇಕಾದಷ್ಟು ಮಂದಿ ಇದ್ದಾರೆ (ನನ್ನ ಮಾವನೂ ಒಬ್ಬರು). ಅದನ್ನು ಜೋಡಿಸಿದ ಕೈಗಳ ಕಥೆ ಬರೆದಿಡುವವರು ಎಷ್ಟು ಮಂದಿ? ಬಿಡಿಭಾಗ ಹೇಗೋ ಸಿಗುತ್ತದೆ. ಕಾರ್ಖಾನೆಯೊಳಗೆ ಯಾವ ಕೆಲಸ ಯಾವುದರ ನಂತರ ನಡೆಯುತ್ತಿತ್ತು, ಹೊಸಬರಿಗೆ ಯಾರು ಕಲಿಸುತ್ತಿದ್ದರು, ಇಂಜಿನ್ ಸರಿಯಿದೆ ಅಂತ ಹೇಗೆ ಗೊತ್ತಾಗುತ್ತಿತ್ತು ಅನ್ನೋದು ಇಂಥವರ ತಲೆಯಲ್ಲಿ ಮಾತ್ರ ಇದೆ. ಅವರಿಗೆಲ್ಲ ವಯಸ್ಸಾಗುತ್ತಿದೆ. ಈ ಗಾಡಿಗಳಿಗೊಂದು ಮ್ಯೂಸಿಯಂ ಆದರೆ ಸಂತೋಷವೇ, ಆದರೆ ಅಲ್ಲಿಯವರೆಗೆ ಕಾಯೋ ಹೊತ್ತಲ್ಲ ಇದು.

ಕೊನೆಗೆ ಅವರು ನಮ್ಮ ರೋಡ್‌ಕಿಂಗ್ ಹತ್ತಿರವೂ ಬಂದರು. ಆಕ್ಸಿಲರೇಟರ್ ತಿರುವಿಸಿ, ತಲೆ ವಾಲಿಸಿ ಕೇಳಿದರು. "ಪಾಯಿಂಟ್ ಗ್ಯಾಪ್ ನೋಡ್ಸಪ್ಪಾ, ಮಿಸ್ ಹೊಡೀತಿದೆ." ಸ್ಪಾರ್ಕ್‌ನ ಸಮಯ ಹಿಡಿದಿಡುವ ಪಾಯಿಂಟ್‌ಗಳ ನಡುವಿನ ಸಂದಿನ ಮಾತದು. ಮಾವನ ಮೆಕ್ಯಾನಿಕ್ ಕಾರ್ಬುರೇಟರ್ ಬಿಚ್ಚಿ ಬಿಚ್ಚಿ ಸಾಕಾಗಿದ್ದ ಗಾಡಿ ಅದು!

ಮನೆಗೆ ಬಂದು ಮಾತಾಡಿಸಲಾ ಅಂತ ಕೇಳಿದೆ. "ಬಾ, ಹಳೇ ಸಹೋದ್ಯೋಗಿಗಳೂ ಇಬ್ಬರು ಇಲ್ಲೇ ಇದ್ದಾರೆ, ಅವರನ್ನೂ ಕರೀತೀನಿ" ಅಂದರು. ಮುಂದಿನ ಭಾನುವಾರ ಹೋಗುತ್ತಿದ್ದೇನೆ. ರೆಕಾರ್ಡ್ ಮಾಡೋಕೆ ಫೋನಿನಲ್ಲಿ ಜಾಗ ಖಾಲಿ ಮಾಡಬೇಕು.